ಕ್ಷೇತ್ರವೋ, ವಕ್ರತೆಯೋ: ಸೀಮೆಸುಣ್ಣ ವಿದ್ಯಾರ್ಥಿಗಳ ಕೈಗೆ

ಎಂ.ಎಸ್ಸಿ.ಗೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ, ಅಂದರೆ ಐನ್‌ಸ್ಟೈನ್ ಅವರ ಗುರುತ್ವ ಸಿದ್ಧಾಂತ, ಕಲಿಸುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಮೇಡಂ, ಗುರುತ್ವವೂ ವಿದ್ಯುತ್ಕಾಂತದ ಹಾಗೆ ಒಂದು ಕ್ಷೇತ್ರವೇ, ಇಲ್ಲವೇ ಬರೀ ದೇಶಕಾಲದ ವಕ್ರತೆಯೇ?" ಗುರುತ್ವ ದೇಶಕಾಲದೊಳಗೆ (ದೇಶ, ಕಾಲ ಎರಡೂ ಸೇರಿದ ಒಂದೇ ಹಂದರ) ಹರಡಿಕೊಂಡ ಪ್ರಭಾವವೋ, ಆ ಹಂದರದ್ದೇ ಬಾಗೋ ಎಂದು ತರಗತಿಯಲ್ಲಿ ಕೂಡಲೇ ಎರಡು ಪಕ್ಷಗಳಾಗುತ್ತವೆ. ನಾನು ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ, ಲೆಕ್ಕ ಮಾಡಿಸುತ್ತೇನೆ.

ಮೊದಲನೆಯದು ಸೂರ್ಯನ ಅಂಚನ್ನು ಸವರಿ ಬರುವ ಬೆಳಕಿನ ಲೆಕ್ಕ. 1911ರಲ್ಲಿ ಐನ್‌ಸ್ಟೈನ್ ಪಡೆದ ಬಾಗು 0.83 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು). ಆಗ ಅವರ ಲೆಕ್ಕದಲ್ಲಿ ಇದ್ದದ್ದು ಗುರುತ್ವ ಕಾಲದ ಮೇಲೆ ಬೀರುವ ಪರಿಣಾಮ ಮಾತ್ರ. 1915ರಲ್ಲಿ ದೇಶದ ವಕ್ರತೆಯೂ ಸೇರಿ ಉತ್ತರ ಇಮ್ಮಡಿಯಾಯಿತು; ಇಂದು ನಾವು ಬರೆಯುವ ಬೆಲೆ 1.75. ಇಷ್ಟಕ್ಕೇ ವಕ್ರತೆಯ ಪಕ್ಷದವರು ಗೆದ್ದೆವೆಂದು ಬೀಗುತ್ತಾರೆ. ಆದರೆ ವಕ್ರತೆಯೇ ಇಲ್ಲದ ಸಪಾಟು ದೇಶಕಾಲದಲ್ಲಿ ಸ್ಪಿನ್ 2ರ ಕ್ಷೇತ್ರವನ್ನು (ಸ್ಪಿನ್ ಎಂದರೆ ಕ್ಷೇತ್ರದ ಬಗೆ ಹೇಳುವ ಸಂಖ್ಯೆ; ವಿದ್ಯುತ್ಕಾಂತದ್ದು 1) ಹರಡಿ ಹೊರಟರೂ ಸಿಗುವುದು ಅದೇ 1.75! ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1962–63ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಾಠ ಮಾಡಿದ್ದು ಈ ದಾರಿಯಲ್ಲೇ. ಕ್ಷೇತ್ರಕ್ಕೆ ಶಕ್ತಿಯಿದೆ, ಆ ಶಕ್ತಿಯೂ ಗುರುತ್ವದ ಆಕರವಾಗಬೇಕು; ಇದನ್ನು ಬಿಡದೆ ಸೇರಿಸುತ್ತ ಹೋದರೆ ಐನ್‌ಸ್ಟೈನ್ ಸಮೀಕರಣಕ್ಕೇ ಬಂದು ನಿಲ್ಲುತ್ತೇವೆ. ಆರಂಭದಲ್ಲಿ ಹಾಸಿದ ಸಪಾಟು ದೇಶಕಾಲ ಮಾತ್ರ ಆ ಹೊತ್ತಿಗೆ ಯಾವ ಅಳತೆಗೋಲಿಗೂ ಗಡಿಯಾರಕ್ಕೂ ಸಿಗುವುದಿಲ್ಲ. ಯಾವ ಉಪಕರಣಕ್ಕೂ ಸಿಗದ ಹಿನ್ನೆಲೆಯನ್ನು ನಂಬಿ ನನಗೇನಾಗಬೇಕು? ಹಾಗಾಗಿ ನನ್ನ ಒಲವು ವಕ್ರತೆಯ ಕಡೆಗೇ. ಅದನ್ನು ಮುಚ್ಚಿಡುವುದೂ ಇಲ್ಲ.

ಆದರೂ ಕೆಲಸಕ್ಕೆ ಕೂತಾಗ ಈ ಒಲವು ಕೈ ಕಟ್ಟಬಾರದು. ಬೆಂಗಳೂರಿನವರೇ ಆದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರ 1970ರ ಕೆಲಸವನ್ನು ಇಲ್ಲಿ ತಪ್ಪದೆ ತರುತ್ತೇನೆ. ಕಪ್ಪುಕುಳಿಯ ದೇಶಕಾಲವನ್ನು ಅವರು ಹಿನ್ನೆಲೆಯಾಗಿ ಇಟ್ಟುಕೊಂಡರು. ಅದರ ಮೇಲಿನ ಸಣ್ಣ ಕದಲಿಕೆಯನ್ನು, ಯಾವುದೇ ಕ್ಷೇತ್ರದ ಅಲೆಯಂತೆ, ಕಪ್ಪುಕುಳಿಯತ್ತ ಕಳಿಸಿ ಏನು ಮರಳುತ್ತದೆಂದು ನೋಡಿದರು. ಮರಳಿದ್ದು ಬಡಿದ ಗಂಟೆಯ ಹಾಗೆ ಕ್ಷೀಣಿಸುತ್ತ ಹೋಗುವ ಕಂಪನ. ಒಂದೇ ಲೆಕ್ಕದಲ್ಲಿ ಅರ್ಧ ಜ್ಯಾಮಿತಿ, ಅರ್ಧ ಕ್ಷೇತ್ರ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಪತ್ತೆಯಂತ್ರಗಳು ಹಿಡಿದ ಗುರುತ್ವ ಅಲೆಯ ಬಾಲವನ್ನು ಓದುವುದೂ ಹೀಗೆಯೇ. ಆ ಬಾಲಕ್ಕೆ ತುಸು ಮುಂಚೆ, ಎರಡು ಕಪ್ಪುಕುಳಿಗಳು ಒಂದಾಗುವ ಗಳಿಗೆಗೆ ಮಾತ್ರ ಹಿನ್ನೆಲೆ ಬೇರೆ, ಅಲೆ ಬೇರೆ ಎಂಬ ಈ ವಿಭಜನೆ ನಡೆಯುವುದಿಲ್ಲ. ಅಲ್ಲಿ ಐನ್‌ಸ್ಟೈನ್‌ರ ಪೂರ್ಣ ಸಮೀಕರಣವನ್ನೇ ಕಂಪ್ಯೂಟರಿಗೆ ಹಾಕಬೇಕು. ಅದು ಸಾಧ್ಯವಾದದ್ದೇ 2005ರಲ್ಲಿ.

ಇಷ್ಟಾದ ಮೇಲೆ "ಕ್ಷೇತ್ರವೋ ಜ್ಯಾಮಿತಿಯೋ, ಚರ್ಚಿಸಿ" ಎಂಬ ಪ್ರಶ್ನೆಯನ್ನು ಆಂತರಿಕ ಪರೀಕ್ಷೆಯಿಂದ ತೆಗೆದೆ. ಅದಕ್ಕೆ ಬರುತ್ತಿದ್ದದ್ದು ಪುಟಗಟ್ಟಲೆ ಭಾಷಣ. ಈಗ ಕೇಳುವುದು ಇಷ್ಟೇ: ಖಾಲಿ ದೇಶಕಾಲದಲ್ಲಿ ಹರಿಯುವ ಗುರುತ್ವ ಅಲೆಗೆ ಹತ್ತು ಘಟಕಗಳಿವೆ (ಅದನ್ನು ವಿವರಿಸುವ ಹತ್ತು ಸಂಖ್ಯೆಗಳು), ನಿರ್ದೇಶಾಂಕ (ದೇಶಕಾಲದ ಬಿಂದುಗಳನ್ನು ಗುರುತಿಸುವ ಸಂಖ್ಯೆಗಳು) ಬದಲಿಸಿ ಎಷ್ಟನ್ನು ಅಳಿಸಬಹುದು, ಅಳಿಸಲಾಗದೆ ಉಳಿಯುವ ಎರಡು ಯಾವುವು?