ಎಂಜಿಬಿ ಕೆಲಸ: ಹಿಡಿದರೆ ಬಿಡದ ಎಡಗಾಲಿ

ಮೂರು ಭಾನುವಾರ ಒಂದೇ ಗಾಲಿಗೆ ಹೋದವು. ನನ್ನ 1965ರ ಎಂಜಿಬಿ ರೋಡ್‌ಸ್ಟರ್‌ಗೆ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) ಬಣ್ಣ, ಎಂಜಿನ್, ವೈರಿಂಗ್ ಎಲ್ಲ ಮುಗಿದಿತ್ತು. ಪುಣೆಯ ಕೋಥ್ರೂಡ್‌ನಿಂದ ಹೊರಟು ಕಾತ್ರಜ್ ಘಾಟ್ ಹತ್ತಿದೆ. ಹಳೇ ಸುರಂಗ ದಾಟಿ ಶಿಂದೇವಾಡಿ ಕಡೆ ಇಳಿಯುವಾಗ ಕಾರು ಎಡಕ್ಕೆ ಎಳೆಯತೊಡಗಿತು. ಬ್ರೇಕ್ ಮೇಲಿಂದ ಕಾಲು ತೆಗೆದರೂ ಎಳೆತ ನಿಲ್ಲಲಿಲ್ಲ. ಬದಿಗೆ ನಿಲ್ಲಿಸಿ ನೋಡಿದರೆ ಎಡ ಮುಂದಿನ ಗಾಲಿಯಿಂದ ಸುಟ್ಟ ವಾಸನೆ. ಕಡ್ಡಿಗಳ ಹತ್ತಿರ ಕೈ ಒಯ್ಯಲು ಆಗಲಿಲ್ಲ. ಬಲಗಾಲಿ ಬರೀ ಬೆಚ್ಚಗಿತ್ತು. ಅರ್ಧ ಗಂಟೆ ಕಾದ ಮೇಲೆ ಗಾಲಿ ತಾನಾಗಿಯೇ ಸಡಿಲವಾಯಿತು.

ಇದರಲ್ಲೇ ಉತ್ತರ ಇತ್ತು. ಬ್ರೇಕ್ ಪ್ಯಾಡ್ ಒತ್ತುವ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಹಾಗೆ ತಾನಾಗಿ ಸಡಿಲವಾಗುವುದಿಲ್ಲ ಅಲ್ವಾ? ಆದರೂ ಮೊದಲ ಭಾನುವಾರ ಆ ಪಿಸ್ಟನ್ ಕೂರುವ ಕ್ಯಾಲಿಪರ್‌ನ್ನೇ ಬಿಚ್ಚಿದೆ. ಪಿಸ್ಟನ್ ಮೇಲೆ ಸಣ್ಣ ಗುಳಿಗಳಿದ್ದವು. ಹೊಸ ಪಿಸ್ಟನ್, ಹೊಸ ಸೀಲ್ ಹಾಕಿದೆ. ಆ ಕೆಲಸ ಬೇಕೇ ಇತ್ತು, ಆದರೆ ತೊಂದರೆ ಹೋಗಲಿಲ್ಲ. ಎರಡನೇ ಭಾನುವಾರ, ಪೆಡಲ್ ಒತ್ತಿದಾಗ ಎಲ್ಲ ಗಾಲಿಗೂ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸರದಿ. ಪೆಡಲ್‌ಗೆ ಸ್ವಲ್ಪವೂ ಆಟ (ಸಡಿಲ) ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಆಟ ಸರಿಯಾಗಿತ್ತು. ಹಾಗಿಲ್ಲದಿದ್ದರೆ ಒಂದೇ ಗಾಲಿ ಅಲ್ಲ, ನಾಲ್ಕೂ ಹಿಡಿಯುತ್ತಿದ್ದವು.

ಮೂರನೇ ಭಾನುವಾರ ಭೋಸರಿಯಲ್ಲಿ ಲೇತ್ ಕೆಲಸ ಮಾಡುವ, ನಮ್ಮ ಇಂಡಿ ಕಡೆಯ ಕಾಕಾ ಬಂದರು. ಜಾಕ್ ಮೇಲೆ ಎತ್ತಿ, ಬ್ರೇಕ್ ಒತ್ತಿ ಬಿಡಿಸಿದರು. ಗಾಲಿ ತಿರುಗಲಿಲ್ಲ. ನಾನು ಕ್ಯಾಲಿಪರ್‌ನಿಂದ ಗಾಳಿ, ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಸ್ಪ್ಯಾನರ್ ಹಾಕಲು ಹೋದೆ.

"ತಡಿ ತಮ್ಮಾ. ಮೊದ್ಲ ಮ್ಯಾಲಿನ ಪೈಪ್ ಸಡ್ಲ ಮಾಡು, ನಿಪ್ಪಲ್ ಆಮ್ಯಾಲ."

ಕಬ್ಬಿಣದ ಪೈಪ್ ರಬ್ಬರ್ ಹೋಸ್‌ಗೆ ಸೇರುವ ಜಾಗ ಅದು. ಸುತ್ತ ಬಟ್ಟೆ ಹೊದಿಸಿದೆ, ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ನಟ್ ಸಡಿಲಿಸಿದೆ. ಎರಡು ಹನಿ ಆಯಿಲ್ ಬಂತು, ಗಾಲಿ ಅಲುಗಲಿಲ್ಲ. ನಂತರ ನಿಪ್ಪಲ್ ಬಿಚ್ಚಿದೆ. ಚುಂಯ್ ಅಂತ ಆಯಿಲ್ ಚಿಮ್ಮಿತು, ಗಾಲಿ ಹಗುರವಾಗಿ ತಿರುಗಿತು. ಒತ್ತಡ ಸಿಕ್ಕಿಕೊಂಡಿದ್ದದ್ದು ಆ ಎರಡರ ನಡುವೆ, ಅಂದರೆ ಹೋಸ್‌ನಲ್ಲಿ. ಮೊದಲೇ ನಿಪ್ಪಲ್ ಬಿಚ್ಚಿದ್ದರೆ ಒತ್ತಡ ಅಲ್ಲೇ ಹೋಗಿಬಿಡುತ್ತಿತ್ತು, ತಪ್ಪು ಹೋಸ್‌ನದೋ ಮೇಲಿನದೋ ಗೊತ್ತಾಗುತ್ತಿರಲಿಲ್ಲ.

ಹೋಸನ್ನು ಬ್ಲೇಡ್‌ನಿಂದ ಉದ್ದಕ್ಕೆ ಸೀಳಿದೆವು. ಹೊರಗೆ ಕಪ್ಪಗೆ, ನುಣ್ಣಗೆ, ಒಂದು ಬಿರುಕೂ ಇಲ್ಲ. ಒಳಗಿನ ಪದರ ಉಬ್ಬಿ, ಒಂದು ಕಡೆ ಸುಲಿದು ನಾಲಿಗೆ ಥರ ಜೋತುಬಿದ್ದಿತ್ತು. ನಡುವಿನ ದಾರಿಯಲ್ಲಿ ಗುಂಡುಪಿನ್ ಕೂಡ ಕಷ್ಟಪಟ್ಟು ತೂರಿತು. ಕಾಲು ಒತ್ತಿದಾಗ ಜೋರಿಗೆ ಆಯಿಲ್ ನುಗ್ಗುತ್ತದೆ. ವಾಪಸ್ ಬರಲು ಅಂಥ ಜೋರು ಇಲ್ಲ. ಹಿಂದಿನ ಡ್ರಮ್‌ಗಳಲ್ಲಿ ಶೂ ಎಳೆಯಲು ಸ್ಪ್ರಿಂಗ್ ಇದೆ, ಡಿಸ್ಕ್‌ನಲ್ಲಿ ಇಲ್ಲ. ಒತ್ತಿದಾಗ ಸ್ವಲ್ಪ ತಿರುಚಿಕೊಂಡ ರಬ್ಬರ್ ಸೀಲ್ ಮತ್ತೆ ನೆಟ್ಟಗಾಗುವಾಗ ಪಿಸ್ಟನ್‌ನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಆ ನಾಲಿಗೆಯನ್ನು ತಳ್ಳಲು ಅದು ಸಾಲದು.

ಈ ಹೋಸ್ ಹೊಸದು ಅಂತಲೇ ಹಾಕಿದ್ದು. ಅಂಗಡಿಯ ಕಪಾಟಿನಲ್ಲಿ ಎಷ್ಟು ವರ್ಷ ಕೂತಿತ್ತೋ. ಈಗ ಮುಂದಿನ ಎರಡು, ಹಿಂದಿನ ಒಂದು, ಮೂರನ್ನೂ ತಯಾರಾದ ವರ್ಷ ನೋಡಿಯೇ ತರಿಸಿದೆ. ನನ್ನ ಕಾರಿನ ಬ್ರೇಕ್‌ಗೆ ಒಂದೇ ಲೈನ್. ಒಂದು ಹೋಸ್ ಒಡೆದರೂ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ತಾಮ್ರದ ವಾಷರ್ ನಾನಾ ಪೇಠದಲ್ಲಿ ಸಿಕ್ಕಿದವು.

ಆಯಿಲ್ ಪೂರ್ತಿ ಬದಲಿಸಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪುಣೆಯ ಮಳೆಗಾಲಕ್ಕೆ ಅರ್ಧ ಖಾಲಿಯಾದ ಡಬ್ಬಿ ಇಟ್ಟುಕೊಳ್ಳಬೇಡಿ. ದೂರದ ಹಿಂದಿನ ಗಾಲಿಯಿಂದ ಗಾಳಿ ತೆಗೆಯುತ್ತಾ ಬಂದೆವು. ಪೆಡಲ್ ಮೇಲೆ ಮಗಳು. "ಒತ್ತಿದೆ ಅಪ್ಪಾ" ಅಂದಾಗ ಬಿಚ್ಚುವುದು, ಅವಳು ಕಾಲು ತೆಗೆಯುವ ಮೊದಲು ಬಿಗಿಯುವುದು. ಪೆಡಲ್ ಇನ್ನೂ ಆಳಕ್ಕೆ ಹೋಗುತ್ತಿತ್ತು. ಹಿಂದಿನ ಡ್ರಮ್‌ನ ಚೌಕ ತಲೆಯ ಅಡ್ಜಸ್ಟರ್ ಗಾಲಿ ನಿಲ್ಲುವವರೆಗೆ ಬಿಗಿದು, ಮತ್ತೆ ಸಲೀಸಾಗಿ ತಿರುಗುವಷ್ಟೇ ಸಡಿಲಿಸಿದೆ. ಪೆಡಲ್ ಮೇಲೆ ಬಂತು.

ನಿನ್ನೆ ಬೆಳಿಗ್ಗೆ ಅದೇ ಘಾಟ್ ಇಳಿದೆ. ಕೆಳಗೆ ನಿಲ್ಲಿಸಿ ಥರ್ಮಾಮೀಟರ್ ಹಿಡಿದರೆ ಎಡ ಡಿಸ್ಕ್ 92 ಡಿಗ್ರಿ, ಬಲ 88. ಹ್ಯಾಂಡ್‌ಬ್ರೇಕ್ ಕೇಬಲ್ ಮಾತ್ರ ಸಡಿಲ ಇದೆ. ಮುಂದಿನ ಭಾನುವಾರ ಅದು.