1958ರ ರ‍್ಯಾಂಚ್ ಮನೆ, ಏಳನೇ ತಿಂಗಳು

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ನಮ್ಮ ಹಳೇ ಮನೆ ಕರೆಂಟು, ಗ್ಯಾಸು ಕಡಿಮೆ ತಿನ್ನಲಿ ಅಂತ ರಿಪೇರಿ ಹಿಡಿದಿದ್ದೇವೆ. ಚಳಿಗೆ ಬಿಸಿ, ಸೆಕೆಗೆ ತಂಪು ಕೊಡುವ ಹೀಟ್ ಪಂಪ್ ಇನ್ನೂ ಬಂದಿಲ್ಲ, ಸೋಲಾರೂ ಇಲ್ಲ. ಮತ್ತೆ ಏಳು ತಿಂಗಳು ಏನು ಮಾಡಿದಿರಿ ಅಂದರೆ, ತೂತು ಮುಚ್ಚಿದೆವು.

ರ‍್ಯಾಂಚ್ ಮನೆ ಅಂದರೆ ಒಂದೇ ಅಂತಸ್ತು, ಉದ್ದಕ್ಕೆ ಮಲಗಿದ ಹಾಗೆ, ತಗ್ಗಾದ ಮಾಡು (ಚಾವಣಿ), ಪಕ್ಕಕ್ಕೆ ಅಂಟಿಕೊಂಡ ಗ್ಯಾರೇಜು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹೊಸ ಬಡಾವಣೆಗಳಲ್ಲಿ ಸಾಲುಸಾಲಾಗಿ ಎದ್ದವು. ಆಗ ಗ್ಯಾಸು, ಕರೆಂಟು ಅಗ್ಗ, ಬಿಸಿ-ಚಳಿ ತಡೆಯಲು ಗೋಡೆಯೊಳಗೆ ಏನೂ ತುಂಬದಿದ್ದರೂ ನಡೆಯುತ್ತಿತ್ತು. ಇಷ್ಟಗಲ ಹರಡಿಕೊಂಡ ಮನೆಗೆ ಮಾಡೂ ಜಾಸ್ತಿ, ಬಿಸಿಲೆಲ್ಲ ಬೀಳುವುದೂ ಅಲ್ಲೇ.

ಮೊದಲು ಬಂದ ಕಂಟ್ರಾಕ್ಟರ್ ಐದು ನಿಮಿಷ ಸುತ್ತಾಡಿ, ಹನ್ನೆರಡು ಕಿಟಕಿಯನ್ನೂ ಕಿತ್ತು ಹೊಸದು ಹಾಕಿ ಅಂದ. ರೇಟು ಕೇಳಿ, ಟೀ ಕೊಟ್ಟು ಕಳಿಸಿದೆವು. ಆಮೇಲೆ ಬ್ಲೋವರ್ ಡೋರ್ ಟೆಸ್ಟ್ ಮಾಡಿಸಿದೆವು. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಗಾಳಿ ಹೊರಗೆಳೆದು, 50 ಪಾಸ್ಕಲ್ ಒತ್ತಡದಲ್ಲಿ ಮನೆ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರೆ. ಅದು ಓಡುವಾಗ ನಾನು ಊದುಬತ್ತಿ ಹಚ್ಚಿಕೊಂಡು ಸುತ್ತಿದೆ. ಕಿಟಕಿ ಹತ್ತಿರ ಹೊಗೆ ಸ್ವಲ್ಪ ಅಲುಗಾಡಿತು, ಅಷ್ಟೇ. ಸ್ವಿಚ್ ಬೋರ್ಡ್ ಹತ್ತಿರ ಹಿಡಿದರೆ ಮುಖಕ್ಕೇ ರಾಚಿತು! ಗಾಳಿ ಬರುತ್ತಿದ್ದದ್ದು ಅಟ್ಟದಿಂದ, ಗೋಡೆಯೊಳಗೆ ಇಳಿದು.

ಅಟ್ಟದ ಕೆಲಸ ಬೆಳಗಿನ ಜಾವ ಐದಕ್ಕೆ. ಮಧ್ಯಾಹ್ನ ಹತ್ತಿದರೆ ಬೆಂದೇ ಹೋಗುತ್ತೇವೆ. ಬಿಸಿ-ಚಳಿ ತಡೆಯಲು ಹಾಸಿದ್ದ ಮೂರಿಂಚಿನ ಹಳೇ ಫೈಬರ್‌ಗ್ಲಾಸ್ ಎತ್ತಿ ನೋಡಿದರೆ ಅಲ್ಲಲ್ಲಿ ಕಪ್ಪು ಕಲೆ. ಬೂಷ್ಟು ಅಂದುಕೊಂಡು ಗಾಬರಿಯಾಯಿತು. ಬೂಷ್ಟಲ್ಲ, ಧೂಳು. ಅರವತ್ತು ಚಿಲ್ಲರೆ ವರ್ಷ ಸೋರಿದ ಗಾಳಿಯನ್ನು ಆ ಹಾಸು ಸೋಸುತ್ತಾ ಕೂತಿತ್ತು. ಒಳ್ಳೇದೇ ಆಯಿತು, ಕಪ್ಪು ಕಂಡಲ್ಲೆಲ್ಲ ಕೆಳಗೊಂದು ತೂತು ಗ್ಯಾರಂಟಿ. ವೈರ್ ಇಳಿದ ಕಡೆ ಫೋಮ್ ಹಾಕಿದೆ. ಗ್ಯಾಸ್ ಹೀಟರಿನ ಹೊಗೆ ಕೊಳವೆ ಸುತ್ತ ಮಾತ್ರ ಫೋಮ್ ಬೇಡ, ತಗಡು ಮತ್ತು ಬೆಂಕಿ ತಡೆಯುವ ಸೀಲಂಟ್. ಬಾತ್‌ರೂಮ್ ಫ್ಯಾನಿನ ಪೈಪು ಹೊರಗೇ ಹೋಗಿರಲಿಲ್ಲ, ಅಟ್ಟದಲ್ಲೇ ಕೊನೆ! ಅಲ್ಲಿನ ಮರ ನಿಜವಾಗಿಯೂ ಕೊಳೆಯಲು ಶುರುವಾಗಿತ್ತು. ಆ ಪೈಪನ್ನು ಮಾಡಿನಾಚೆ ಎಳೆದದ್ದೇ ಒಂದು ವಾರಾಂತ್ಯ.

ಆಮೇಲೆ ಬಾಡಿಗೆ ಮೆಷಿನ್ ತಂದು, ಬಿಸಿಲ ಝಳ ತಡೆಯಲು ಅಟ್ಟಕ್ಕೆ 11 ಇಂಚು ಸೆಲ್ಯುಲೋಸ್ ಊದಿದೆವು. ಅದು ಹಳೇ ನ್ಯೂಸ್‌ಪೇಪರಿನ ಪುಡಿ, ಬೆಂಕಿ ಹತ್ತದಿರಲಿ ಅಂತ ಬೋರೇಟ್ ಬೆರೆಸಿರುತ್ತಾರೆ. ಹೆಂಡತಿ ಕೆಳಗೆ ಮೂಟೆ ಸುರಿದಳು, ನಾನು ಮೇಲೆ ಪೈಪು ಹಿಡಿದೆ. ಅದಕ್ಕೂ ಹಿಂದಿನ ವಾರ ತೊಲೆ ತಪ್ಪಿ ಕಾಲಿಟ್ಟಿದ್ದೆ. ಕೆಳಗಿಂದ ಮಗಳ ಕೂಗು, “ಅಮ್ಮಾ, ಅಪ್ಪನ ಕಾಲು ಬಂತು!”

ಅಡುಗೆಮನೆಯ ಒಂಬತ್ತಿಂಚಿನ ಟೈಲ್ಸ್ ಸ್ಯಾಂಪಲನ್ನು ಲ್ಯಾಬಿಗೆ ಕಳಿಸಿದ್ದೆವು, ಆಸ್ಬೆಸ್ಟಾಸ್ ಇದೆ. ಕಿತ್ತರೆ ಅದರ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಕೆಡುಕು. ಹಾಗಾಗಿ ಕೀಳುವುದಿಲ್ಲ, ಮೇಲೆ ಕಾರ್ಕ್ ಹಾಸುತ್ತೇವೆ. ಕ್ಯಾಬಿನೆಟ್ಟುಗಳು ಗಟ್ಟಿ ಇವೆ, ಇರಲಿ.

ಹೀಟ್ ಪಂಪಿನ ಫೆಡರಲ್ ತೆರಿಗೆ ರಿಯಾಯಿತಿ 2025ರ ಕೊನೆಗೇ ಮುಗಿಯಿತು, ಅದು ಹೊಟ್ಟೆಯುರಿ. ಆದರೆ ಮೊದಲು 4 ಟನ್ ತಾಕತ್ತಿನ ಪಂಪ್ ಬೇಕು ಅಂದಿದ್ದವರು ಈಗ ಲೆಕ್ಕ ಹಾಕಿ 2.5 ಸಾಕು ಅಂದಿದ್ದಾರೆ. ಸಂಜೆ ನದಿಯ ಡೆಲ್ಟಾ ಕಡೆಯಿಂದ ತಂಗಾಳಿ ಬಂದಾಗ ಕಿಟಕಿ ತೆರೆದು, ಬೆಳಿಗ್ಗೆ ಮುಚ್ಚಿದರೆ ಮಧ್ಯಾಹ್ನದವರೆಗೂ ತಂಪು.

ಮಗಳ ರೂಮಿನ ತೂತಿಗೆ ಸದ್ಯಕ್ಕೆ ಪ್ಲೈವುಡ್ ಹೊಡೆದಿದ್ದೇನೆ. ಅವಳು ಅದರ ಮೇಲೆ ಒಂದು ಕಾಲಿನ ಚಿತ್ರ ಬರೆಸಿಕೊಂಡಿದ್ದಾಳೆ.