ಇನ್ನೊಂದು ವರ್ಷ, ಯಾರಿಗೋಸ್ಕರ?

"ಎಪ್ಪತ್ತಮೂರು ವರ್ಷ ಅವರಿಗೆ. ಇನ್ನೊಂದು ವರ್ಷ ಯಾರಿಗೋಸ್ಕರ ಬಾರಿಸಬೇಕಿತ್ತು?"

ಶನಿವಾರ ಸಂಜೆ ಲಂಡನ್ ಸ್ಟೇಡಿಯಂನಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸು ಕೇಳಿದ ಪ್ರಶ್ನೆ ಇದು. ಇವತ್ತು ಗುರುವಾರ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದ ಸದ್ದು ಸೋಮವಾರವೇ ಹೋಯಿತು. ಈ ಮಾತು ಮಾತ್ರ ಹೋಗಿಲ್ಲ.

ಐರನ್ ಮೇಡನ್ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಅಂದರೆ ನನಗೆ ಪ್ರಾಣ. ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ಪರೀಕ್ಷೆಗೆ ಓದುವಾಗಲೂ ಅವರೇ, ಕೆಲಸ ಹೋಗಿ ಸುಮ್ನೆ ಗೋಡೆ ನೋಡುತ್ತಾ ಮಲಗಿದ್ದಾಗಲೂ ಅವರೇ. ಆದರೆ ಕಣ್ಣಾರೆ ನೋಡಿರಲಿಲ್ಲ. ಒಮ್ಮೆ ದುಡ್ಡಿರಲಿಲ್ಲ, ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಮುಂದಿನ ಸಲ ನೋಡಿದರಾಯಿತು ಅಂದುಕೊಂಡೆ. ಆ ಮುಂದಿನ ಸಲ ಬರುವಷ್ಟರಲ್ಲಿ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಪ್ರವಾಸಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದರು. 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ಅವರ ಕೊನೆಯ ಶೋ. ಅದಾಗಿ ಏಳು ತಿಂಗಳೂ ಕಳೆದಿರಲಿಲ್ಲ, ನಾನು ಟಿಕೆಟ್ ಹಿಡಿದು ನಿಂತಿದ್ದೆ.

ಜಾಗ ಮಾತ್ರ ಇದಕ್ಕಿಂತ ಚೆನ್ನಾಗಿರೋದು ಸಾಧ್ಯವೇ ಇರಲಿಲ್ಲ. ಇಳಿಯಬೇಕಾದದ್ದು ಸ್ಟ್ರಾಟ್‌ಫರ್ಡ್‌ನಲ್ಲಿ. ಲಂಡನ್ ಮೆಟ್ರೋದ ಸೆಂಟ್ರಲ್ ಲೈನ್‌ನಲ್ಲಿ ಅದರ ಮುಂದಿನ ಸ್ಟೇಷನ್ನೇ ಲೇಟನ್. 1975ರಲ್ಲಿ ಸ್ಟೀವ್ ಹ್ಯಾರಿಸ್ ಈ ಬ್ಯಾಂಡ್ ಕಟ್ಟಿದ್ದು ಅಲ್ಲೇ. ಸ್ಟೇಡಿಯಂ ಕೂಡ ಅವರು ಚಿಕ್ಕಂದಿನಿಂದ ಪ್ರೀತಿಸುವ ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ತವರು ಮೈದಾನ. ಬೇಸ್ ಗಿಟಾರಿನ ಮೇಲೂ ಆ ಕ್ಲಬ್ಬಿನ ಲಾಂಛನ ಹಾಕಿಸಿಕೊಂಡಿರುವ ಮನುಷ್ಯ. ಐವತ್ತು ವರ್ಷ ಲೋಕವೆಲ್ಲ ಸುತ್ತಿ, ಶುರು ಮಾಡಿದ ಜಾಗದಿಂದ ಒಂದೇ ಒಂದು ಸ್ಟೇಷನ್ ದೂರದಲ್ಲಿ ಬಂದು ನಿಂತಿದ್ದರು.

ಆ ಹೆಂಗಸಿಗೆ ಐವತ್ತೈದರ ಆಸುಪಾಸು. ಬಣ್ಣ ಮಾಸಿದ ಮೇಡನ್ ಟಿ-ಷರ್ಟ್, ಎಡಗೈ ಮಣಿಕಟ್ಟಿಗೆ ನೋವಿನ ಪಟ್ಟಿ. ಎಷ್ಟು ಸಲ ನೋಡಿದ್ದಾರೋ ಲೆಕ್ಕವೇ ಇಟ್ಟಿಲ್ಲವಂತೆ. ಬಿಸಿಲಿನಲ್ಲಿ ಕಾಯುತ್ತಾ ಮಾತಿಗೆ ಮಾತು ಬೆಳೆಯಿತು. ನಾನು ನನ್ನ ಸಂಕಟ ಹೇಳಿಕೊಂಡೆ. ನಿಕೋ ಇನ್ನೊಂದೇ ಒಂದು ವರ್ಷ ಇದ್ದಿದ್ದರೆ ನಾನೂ ನೋಡುತ್ತಿದ್ದೆ ಅಂದೆ. ಆಗ ಅವರು ಕೇಳಿದ್ದು ಅದು. ಸಿಟ್ಟಿನಿಂದಲ್ಲ, ಟೈಮ್ ಎಷ್ಟು ಅಂತ ಕೇಳುವ ಹಾಗೆ. ನಾನು ಉತ್ತರ ಹುಡುಕುವಷ್ಟರಲ್ಲಿ ಸ್ಪೀಕರಿನಲ್ಲಿ ಯುಎಫ್‌ಒ ಬ್ಯಾಂಡಿನ ಆ ಹಳೇ ಹಾಡು ಶುರುವಾಯಿತು. ಅದು ಬಂತು ಅಂದರೆ ಇನ್ನು ಮೇಡನ್ ಬಂದರು ಅಂತಲೇ ಅರ್ಥ. ಇಡೀ ಸ್ಟೇಡಿಯಂ ಕೂಗಿತು. ಅವರು ವೇದಿಕೆ ಕಡೆ ತಿರುಗಿದರು. ಮಾತು ಅಲ್ಲಿಗೇ ನಿಂತಿತು.

ನಿಕೋ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು. ಮೇ ತಿಂಗಳಲ್ಲಿ ಮತ್ತೆ ಪ್ರವಾಸದಲ್ಲಿದ್ದರು. ಕೈ ಓಡದ ಕಡೆ ಹಳೆಯ ಪಟ್ಟುಗಳನ್ನು ಬದಲಾಯಿಸಿಕೊಂಡು, ಇನ್ನೂ ಒಂದೂವರೆ ವರ್ಷ ದೇಶ ದೇಶ ಸುತ್ತಿ ಬಾರಿಸಿದರು. ಇಷ್ಟೆಲ್ಲ ತಿಳಿದಿದ್ದೂ ನಾನು 'ಇನ್ನೊಂದು ವರ್ಷ' ಅಂದಿದ್ದೆ. ಅದೇ ನನಗೆ ಈಗಲೂ ಚುಚ್ಚುತ್ತಿರೋದು.

ಅವರ ಜಾಗದಲ್ಲಿ ಈಗ ಸೈಮನ್ ಡಾಸನ್. ನಿಕೋ ಆ ದೊಡ್ಡ ಕಿಟ್‌ನ ಹಿಂದೆ ಕೂತರೆ ವಿಡಿಯೋದಲ್ಲೂ ಸರಿಯಾಗಿ ಕಾಣುತ್ತಿರಲಿಲ್ಲ. ಇವರ ಕಿಟ್ ಚಿಕ್ಕದು, ಮನುಷ್ಯ ಪೂರ್ತಿ ಕಾಣುತ್ತಾರೆ. ಮೊದಲ ಮೂರು ಹಾಡು ನಾನು ಉತ್ತರಪತ್ರಿಕೆ ತಿದ್ದುವವರ ಹಾಗೆ ನೋಡಿದೆ. ಎಲ್ಲಿ ತಪ್ಪುತ್ತಾರೆ, ಎಲ್ಲಿ ಕಡಿಮೆ ಮಾಡುತ್ತಾರೆ ಅಂತ. ಕಾಸು ಕೊಟ್ಟು ಬಂದು, ಇಪ್ಪತ್ತೆರಡು ವರ್ಷ ಕಾದು, ನಾನು ಮಾಡಿದ ಕೆಲಸ ಇದು.

ಆಮೇಲೆ ನನ್ನ ಕಣ್ಣು ಪಕ್ಕದ ಕೈಗಳ ಮೇಲೆ ಬಿತ್ತು. ಆ ಹೆಂಗಸು ಮುಂದಿದ್ದ ಕಬ್ಬಿಣದ ಕಂಬಿಯ ಮೇಲೆ ಬೆರಳಲ್ಲಿ ಬಾರಿಸುತ್ತಿದ್ದರು. ಹಾಡಿನ ಸಾಲುಗಳ ಮಧ್ಯೆ ಡ್ರಮ್ಮಿನ ಒಂದು ಸಣ್ಣ ಸುತ್ತು ಬರುತ್ತದಲ್ಲ, ಅಲ್ಲಿ ಅವರ ಬೆರಳು ರೆಕಾರ್ಡಿನಲ್ಲಿರುವ ನಿಕೋ ಸುತ್ತನ್ನೇ ಹಾಕುತ್ತಿತ್ತು. ವೇದಿಕೆಯಿಂದ ಡಾಸನ್ ಅವರದೇ ಸುತ್ತು ಬರುತ್ತಿತ್ತು. ಒಂದು ಕ್ಷಣ ಎರಡೂ ಬೇರೆ ಬೇರೆ ದಾರಿ ಹಿಡಿದು, ಮತ್ತೆ ಸಮಕ್ಕೆ ಬಂದು ಸೇರುತ್ತಿದ್ದವು. ಪ್ರತಿ ಸಲ ಸೇರಿದಾಗಲೂ ಅವರು ತಲೆಯಾಡಿಸುತ್ತಿದ್ದರು. ಆ ಹದಿಮೂರು ನಿಮಿಷದ ಹಡಗಿನ ಹಾಡಿನಲ್ಲಂತೂ ನಾನು ವೇದಿಕೆಗಿಂತ ಜಾಸ್ತಿ ಆ ಬೆರಳುಗಳನ್ನೇ ನೋಡಿದೆ.

ನನ್ನ ಮುಂದಿದ್ದ ಹುಡುಗ ಅದೇ ಹಾಡನ್ನು ಪೂರ್ತಿ ಫೋನಿನಲ್ಲೇ ನೋಡಿದ. ದಯವಿಟ್ಟು ಫೋನ್ ಕೆಳಗಿಡಿ ಅಂತ ಬ್ಯಾಂಡಿನ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಈ ಪ್ರವಾಸಕ್ಕೆ ಮುಂಚೆಯೇ ಕೇಳಿಕೊಂಡಿದ್ದರು. ಅಷ್ಟು ವರ್ಷದವರು ಕೇಳಿಕೊಂಡ ಮೇಲೆ ಇಡಬಹುದಿತ್ತು, ಅಲ್ವಾ?

ಹಾಡುಗಾರ ಬ್ರೂಸ್ ಡಿಕಿನ್ಸನ್‌ಗೆ ಆಗ ಅರವತ್ತಾರು. 2014ರ ಕೊನೆಯಲ್ಲಿ ನಾಲಿಗೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿ ಚಿಕಿತ್ಸೆ ತೆಗೆದುಕೊಂಡವರು. ಅವತ್ತು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿದರು. ಒಂದೆರಡು ಕಡೆ ಮೇಲಿನ ಸ್ವರ ಬಂದಾಗ ಜನ ಮೊದಲೇ ಎತ್ತಿಕೊಂಡುಬಿಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಗಂಟಲೂ ಅದರಲ್ಲಿತ್ತು.

ರೆಕಾರ್ಡಿನಲ್ಲಿ ನಿಕೋಗೆ ಈಗಲೂ ಮೂವತ್ತು ವರ್ಷ. ನಾನು ಇಷ್ಟು ದಿನ ಪ್ರೀತಿಸಿದ್ದು ಆ ಮೂವತ್ತರ ಕೈಗಳನ್ನು. ಆ ಕೈ ನೋಯುವುದಿಲ್ಲ, ಎಷ್ಟು ಸಲ ಹಚ್ಚಿದರೂ ಅಷ್ಟೇ ಜೋರು. ಅವರು ನಿಲ್ಲಿಸಿದರು ಅಂದಾಗ ನನಗೆ ಬಂದ ದುಃಖದಲ್ಲಿ ಅವರ ಪಾಲು ಎಷ್ಟು, ನನ್ನ ಪಾಲು ಎಷ್ಟು? ಅಪ್ಪ ವರ್ಕ್‌ಶಾಪ್ ಮುಚ್ಚುತ್ತೇನೆ ಅಂದಾಗಲೂ ನಾನು ಇದೇ ಮಾತು ಹೇಳಿದ್ದೆ, ಇನ್ನೊಂದು ವರ್ಷ ನಡೆಸಬಹುದಿತ್ತು ಅಂತ. ಆ ಜಾಗ ಇರಲಿ, ನಾನು ಹೋದಾಗ ಆ ಎಣ್ಣೆ ವಾಸನೆ ಇರಲಿ ಅನ್ನೋದು ನನ್ನ ಆಸೆ. ಅಪ್ಪನ ಸೊಂಟ ಹೇಗಿದೆ ಅಂತ ನಾನು ಕೇಳಿರಲೇ ಇಲ್ಲ.

ಕೊನೆಗೆ ಡಾಸನ್ ಕಿಟ್ ಬಿಟ್ಟು ವೇದಿಕೆಯ ಮುಂದೆ ಬಂದರು. ಆ ಹೆಂಗಸು ಎರಡೂ ಕೈ ತಲೆ ಮೇಲೆತ್ತಿ ಚಪ್ಪಾಳೆ ತಟ್ಟಿದರು. ಆ ಪಟ್ಟಿ ಕಟ್ಟಿದ ಕೈ ನೋಡಿ ನಾನೂ ತಟ್ಟಿದೆ, ಅಂಗೈ ಉರಿಯುವವರೆಗೆ. ನೀವು ಹೇಳಿದ್ದು ಸರಿ ಅಂತ ಹೇಳೋಣ ಅಂತ ತಿರುಗಿದರೆ ಅವರು ಆಗಲೇ ಜನರ ಮಧ್ಯೆ ಸೇರಿಹೋಗಿದ್ದರು.

ನಿನ್ನೆ ರಾತ್ರಿ 1983ರ ಆಲ್ಬಂ ಹಾಕಿದೆ. ಮೇಡನ್ ಜೊತೆ ನಿಕೋ ಬಾರಿಸಿದ ಮೊದಲ ಆಲ್ಬಂ. ಅದು ಶುರುವಾಗೋದೇ ಅವರ ಡ್ರಮ್ಮಿನಿಂದ. ಆ ಹೆಂಗಸಿನ ಹಾಗೆ ನಾನೂ ಮೇಜಿನ ಮೇಲೆ ಬೆರಳು ಓಡಿಸಿದೆ. ಒಂದು ನಿಮಿಷ ಆಗಿತ್ತೋ ಇಲ್ಲವೋ, ಮುಂಗೈ ಬಿಗಿದುಕೊಂಡಿತು. ಕೈ ಕೆಳಗಿಟ್ಟು ಉಳಿದ ಹಾಡನ್ನು ಸುಮ್ನೆ ಕೂತು ಕೇಳಿದೆ.